ನಿರ್ಜನ ಸ್ಥಳದ ಸಾಕ್ಷ್ಯ: ಧರ್ಮೋಪದೇಶಕಾಂಡ 22 ಮತ್ತು ನಮ್ಮ ಪ್ರತಿಕ್ರಿಯೆಗಳು

2021ರ ಆಗಸ್ಟ್ 24ರ ಸಂಜೆ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ನಿರ್ಜನ ಸ್ಥಳಕ್ಕೆ ಹೋಗಬಾರದಿತ್ತು ಎಂಬರ್ಥದ ಮಾತನ್ನು ಅಂದಿನ ಗೃಹ ಸಚಿವ ಆರಗ ಜ್ಞಾನೇಂದ್ರ ಅವರು ಆಡಿದರು. ಟೀಕೆಯ ನಂತರ ಹಿಂತೆಗೆದುಕೊಂಡರು. ಸಂಜೆ 6.30ರ ಬಳಿಕ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದೆಂದು ಮೈಸೂರು ವಿಶ್ವವಿದ್ಯಾನಿಲಯವು ಸುತ್ತೋಲೆ ಹೊರಡಿಸಿತು, ಅದೂ ರದ್ದಾಯಿತು. ಆದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಮನೆಗಳಲ್ಲಿ ಇಂತಹ ಮಾತುಗಳು ಅಷ್ಟು ಸುಲಭವಾಗಿ ರದ್ದಾಗುವುದಿಲ್ಲ. ಸುಮಾರು 60 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಓದಿಬರುವ ಮಗಳು ಆರೂವರೆಗೆ ಇನ್ನೂ ದಾರಿಯಲ್ಲೇ ಇರುತ್ತಾಳೆ. ಓದು ನಿಲ್ಲಿಸಲು ಹೆತ್ತವರಿಗೆ ಅಷ್ಟು ಸಾಕು.

ಧರ್ಮೋಪದೇಶಕಾಂಡ 22:23-27 ಅನ್ನು ಇಲ್ಲಿ ಮತ್ತೆ ಓದಬೇಕು. ನಿಶ್ಚಿತಾರ್ಥವಾದ ಕನ್ಯೆ ಊರೊಳಗೆ ಕೂಗಿಕೊಳ್ಳದಿದ್ದರೆ ಅವಳೂ ಅಪರಾಧಿ ಎನ್ನುವ ಕ್ರೂರ ನಿಯಮ ಅದರಲ್ಲಿದೆ. ಅದನ್ನು ಸಮರ್ಥಿಸುವುದು ನನ್ನಿಂದಾಗದು. ಆದರೆ ಹೊಲದಲ್ಲಿ ನಡೆದಿದ್ದರೆ ಅವಳು ಕೂಗಿಕೊಂಡಳೆಂದೇ ಆ ಶಾಸನ ಭಾವಿಸುತ್ತದೆ. ಕಾಪಾಡುವವರು ಯಾರೂ ಇರಲಿಲ್ಲ ಎನ್ನುತ್ತದೆ. ಅಂದರೆ ನಿರ್ಜನತೆ ಅಲ್ಲಿ ಅವಳ ಪರವಾದ ಸಾಕ್ಷ್ಯ. ಅಲ್ಲಿಗೆ ಏಕೆ ಹೋದೆ ಎಂದು ಆ ಪುರಾತನ ಶಾಸನ ಕೇಳುವುದಿಲ್ಲ.

ಊರೊಳಗಿನ ಆ ನಿಯಮ ಮಾತ್ರ ಇನ್ನೂ ಸತ್ತಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆರೋಪಿಯೊಬ್ಬನಿಗೆ ನಿರೀಕ್ಷಣಾ ಜಾಮೀನು ನೀಡುವಾಗ, ಘಟನೆಯ ನಂತರ ದಣಿದು ನಿದ್ರಿಸಿದೆನೆಂಬ ದೂರುದಾರಳ ಹೇಳಿಕೆ ಭಾರತೀಯ ಸ್ತ್ರೀಗೆ ತಕ್ಕುದಲ್ಲವೆಂದು ಹೇಳಿತು. ಮರು ತಿಂಗಳು ಆ ಸಾಲನ್ನು ಆದೇಶದಿಂದ ತೆಗೆಯಲಾಯಿತು. ದೈಹಿಕ ಪ್ರತಿರೋಧ ಇರಲಿಲ್ಲವೆಂದ ಮಾತ್ರಕ್ಕೆ ಅದು ಸಮ್ಮತಿಯಲ್ಲ ಎಂದು 2013ರ ತಿದ್ದುಪಡಿಯೇ ವಿವರಿಸಿದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 63ನೆಯ ಪ್ರಕರಣವೂ ಅದನ್ನು ಉಳಿಸಿಕೊಂಡಿದೆ. ಕಾನೂನು ಕೈಬಿಟ್ಟ ಮಾನದಂಡವನ್ನು ಕಲ್ಪನೆ ಕೈಬಿಟ್ಟಿಲ್ಲ.

ಆ ಮಾನದಂಡಕ್ಕೆ ತಕ್ಕವಳೂ ಬೈಬಲಿನಲ್ಲಿ ಇದ್ದಾಳೆ. ತಾಮಾರಳು ಅಮ್ನೋನನಿಗೆ ಬೇಡವೆಂದಳು, ತರ್ಕಿಸಿದಳು. ಬಳಿಕ ಬೂದಿ ಹಾಕಿಕೊಂಡು, ನಿಲುವಂಗಿ ಹರಿದುಕೊಂಡು ಗೋಳಾಡುತ್ತಾ ಹೋದಳು (2 ಸಮುವೇಲ 13). ದಾವೀದನು ಕೋಪಗೊಂಡನು, ಅಷ್ಟೇ. ಸುಮ್ಮನಿರೆಂದ ಅಬ್ಷಾಲೋಮನು ಎರಡು ವರ್ಷಗಳ ನಂತರ ಅಮ್ನೋನನನ್ನು ಕೊಲ್ಲಿಸಿದನು. ಆ ಕೊಲೆಯಲ್ಲಿ ತಾಮಾರಳಿಗೆ ಮಾತಿಲ್ಲ. ಆರೋಪಿಯನ್ನು ಗಲ್ಲಿಗೇರಿಸಿ ಎಂದು ಬೀದಿಯಲ್ಲಿ ಕೂಗುವ ನಮ್ಮ ಮೆರವಣಿಗೆಗಳಲ್ಲಿಯೂ ನನಗೆ ಅಬ್ಷಾಲೋಮನ ದನಿ ಕೇಳಿಸುತ್ತದೆ.

ಪರರ ಮಾತಾಯಿತು, ಧರ್ಮಸಭೆಯದು? 2021ರಲ್ಲಿ ಪರಿಷ್ಕೃತಗೊಂಡ ಧರ್ಮಸಭಾ ಕಾನೂನಿನ ಆರನೆಯ ಗ್ರಂಥವು ಅಪ್ರಾಪ್ತರ ಮೇಲಿನ ದೌರ್ಜನ್ಯವನ್ನು ಮಾನವ ಜೀವ, ಘನತೆ, ಸ್ವಾತಂತ್ರ್ಯಗಳ ವಿರುದ್ಧದ ಅಪರಾಧಗಳ ಅಧ್ಯಾಯಕ್ಕೆ ಸೇರಿಸಿತು (1398). ಸ್ವಾಗತಾರ್ಹ. ಆದರೆ ಯಾಜಕನು ಬಲಾತ್ಕಾರದಿಂದ, ಬೆದರಿಕೆಯಿಂದ ಅಥವಾ ಅಧಿಕಾರದ ದುರುಪಯೋಗದಿಂದ ವಯಸ್ಕ ಸ್ತ್ರೀಯ ಮೇಲೆ ಎಸಗುವ ಕೃತ್ಯವು 1395ರ ಮೂರನೆಯ ಉಪವಿಧಿಯಲ್ಲಿ, ಯಾಜಕನ ವಿಶೇಷ ಕರ್ತವ್ಯಗಳ ಉಲ್ಲಂಘನೆ ಎಂಬ ಶೀರ್ಷಿಕೆಯಡಿಯಲ್ಲಿಯೇ ಉಳಿದಿದೆ. ಅಲ್ಲಿ ಭಂಗವಾಗುವುದು ಅವನ ವ್ರತ. ಅವಳ ಘನತೆಗೆ ಆ ಶೀರ್ಷಿಕೆಯಲ್ಲಿ ಸ್ಥಳವಿಲ್ಲ.