ಡಿಕ್ಕಿಯಲ್ಲಿ ಬ್ಯಾಟರಿ

1959ರಲ್ಲಿ ಮಾರುಕಟ್ಟೆಗೆ ಬಂದ ಮೂಲ ಮಿನಿ ಕಾರಿನ ಬ್ಯಾಟರಿ ಇದ್ದದ್ದು ಬಾನೆಟ್ಟಿನ ಕೆಳಗಲ್ಲ, ಡಿಕ್ಕಿಯ ತಳದಲ್ಲಿ. ಅದರ ವಿನ್ಯಾಸಕ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರ ಅಡಿಗೇ ಸೇರಿಸಿದ ಮೇಲೆ ಮುಂಭಾಗದಲ್ಲಿ ಹೆಚ್ಚಿಗೆ ಜಾಗ ಉಳಿದಿರಲಿಲ್ಲ. ಮೂವತ್ತು ವರ್ಷಗಳ ನಂತರ ಬಂದ ಮೊದಲ ಪೀಳಿಗೆಯ ಮಾಜ್ದಾ ಎಂಎಕ್ಸ್-5, ಅದರ ಬಳಿಕ ಬಿಎಂಡಬ್ಲ್ಯುವಿನ ಇ46 ಪೀಳಿಗೆಯ 3 ಸೀರೀಸ್ ಕಾರುಗಳಲ್ಲೂ ಬ್ಯಾಟರಿ ಹಿಂದಿತ್ತು. ಅಲ್ಲಿ ಮುಂದಿನ, ಹಿಂದಿನ ಚಕ್ರಗಳ ಮೇಲೆ ತೂಕವನ್ನು ಸಮನಾಗಿ ಹಂಚುವ ಉದ್ದೇಶ ದೊಡ್ಡದು. ಕಾರ್ಖಾನೆಯಲ್ಲೇ ಹೀಗೆ ಹುಟ್ಟಿದ ಕಾರಿನ ಮಾತು ಬೇರೆ. ಬಾನೆಟ್ಟಿನಡಿ ಬ್ಯಾಟರಿ ಇಟ್ಟುಕೊಂಡು ಬಂದ ಕಾರಿನಲ್ಲಿ ಅದನ್ನು ಡಿಕ್ಕಿಗೆ ಸಾಗಿಸಬೇಕಾದರೆ, ಕಾರ್ಖಾನೆ ಹಾಕಿದ್ದ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕಾಗುತ್ತದೆ.

ಈ ಕೆಲಸಕ್ಕೆ ಕೈಹಾಕುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಜಾಗ. ಟರ್ಬೊ, ಇಂಟರ್‌ಕೂಲರ್ ಪೈಪು ಅಥವಾ ದೊಡ್ಡ ಎಂಜಿನ್ ಕೂರಿಸುವಾಗ ಮೊದಲು ಅಡ್ಡ ಬರುವುದೇ ಬ್ಯಾಟರಿ. ಬಿಸಿಯಿಂದ ಪಾರಾಗುವುದು ಎರಡನೆಯ ಲಾಭ. ಬ್ಯಾಟರಿಯ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಸೀಸ-ಆಮ್ಲ ಬ್ಯಾಟರಿಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ತಯಾರಕರೆಲ್ಲ ಒಪ್ಪುವ ಅಂದಾಜು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಡಿಕ್ಕಿಯೂ ಕಾಯುತ್ತದೆ, ನಿಜ; ಆದರೆ ಓಡುವ ಎಂಜಿನ್ನಿನ ಪಕ್ಕದಷ್ಟು ಅಲ್ಲ.

ತೂಕದ ಲಾಭವನ್ನು ಮಾತ್ರ ಹಲವರು ಇರುವುದಕ್ಕಿಂತ ದೊಡ್ಡದಾಗಿ ಎಣಿಸುತ್ತಾರೆ. 900 ಕೆಜಿಯ ಒಂದು ಸಣ್ಣ ಕಾರು, ಅದರ ಶೇ. 60ರಷ್ಟು ಭಾರ ಮುಂದಿನ ಚಕ್ರಗಳ ಮೇಲೆ, ಗಾಲಿಗಳ ನಡುವಿನ ಅಂತರ 2.4 ಮೀಟರ್ ಎಂದಿಟ್ಟುಕೊಳ್ಳೋಣ. 12 ಕೆಜಿಯ ಬ್ಯಾಟರಿಯನ್ನು 3 ಮೀಟರ್ ಹಿಂದಕ್ಕೆ ಒಯ್ದರೆ ಮುಂದಿನಿಂದ 15 ಕೆಜಿ ಇಳಿದು ಹಿಂದಕ್ಕೆ 15 ಕೆಜಿ ಸೇರುತ್ತದೆ. ಶೇ. 60 ಇದ್ದದ್ದು 58.3 ಆಗುತ್ತದೆ, ಅಷ್ಟೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಈ 15 ಕೆಜಿ ಕಳೆದುಕೊಳ್ಳುವುದು ಎಳೆಯುವ ಚಕ್ರಗಳೇ, ಹಾಗಾಗಿ ಕೆಸರಿನ ಏರಿನಲ್ಲಿ ಅದು ನಷ್ಟದ ಬಾಬತ್ತು. ಹಿಂಚಕ್ರ ಚಾಲನೆಯ ಕಾರಿನಲ್ಲಿ ಅದೇ ಭಾರ ನೇರವಾಗಿ ಹಿಡಿತವಾಗುತ್ತದೆ. ಅಮೆರಿಕದ ಡ್ರ್ಯಾಗ್ ರೇಸ್ ಕಾರುಗಳಲ್ಲಿ ಬ್ಯಾಟರಿಯನ್ನು ಹಿಂದಿನ ಬಲಮೂಲೆಗೇ ಕೂರಿಸುವುದು ಇದಕ್ಕಾಗಿ: ಗಟ್ಟಿ ಆಕ್ಸಲ್ಲಿನ ಕಾರು ಜಿಗಿದು ಹೊರಡುವಾಗ ಪ್ರೊಪೆಲ್ಲರ್ ಶಾಫ್ಟಿನ ತಿರುಚುಬಲ ಬಲಗಡೆಯ ಹಿಂಚಕ್ರವನ್ನು ಹಗುರ ಮಾಡುತ್ತದೆ. ಚಾಲಕ ಬಲಗಡೆ ಕೂರುವ ನಮ್ಮ ರಸ್ತೆಯ ಕಾರುಗಳಿಗೆ, ಅವನ ಭಾರವನ್ನು ಸರಿದೂಗಿಸುವ ಹಿಂದಿನ ಎಡಮೂಲೆಯೇ ಸರಿ.

ಇಷ್ಟಾದ ಮೇಲೆ ಉಳಿಯುವುದು ಕೇಬಲ್ಲು. ಈ ಇಡೀ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತೀರ್ಮಾನಿಸುವುದೇ ಅದು. ಬಾನೆಟ್ಟಿನಡಿ ಇದ್ದಾಗ ಸೆಲ್ಫ್ ಮೋಟಾರಿಗೆ ಹೋಗುತ್ತಿದ್ದ ಕೇಬಲ್ ಒಂದು ಮೀಟರ್ ಇದ್ದರೆ ಹೆಚ್ಚು. ಡಿಕ್ಕಿಯಿಂದಾದರೆ ಐದು ಮೀಟರ್ ಬೇಕು. ಸೆಲ್ಫ್ ಹೊಡೆಯುವ ಗಳಿಗೆಯಲ್ಲಿ 200 ಆಂಪಿಯರ್ ಹರಿಯುತ್ತದೆ ಎಂದುಕೊಂಡರೆ, 16 ಚದರ ಮಿಲಿಮೀಟರಿನ ತಾಮ್ರದ ಐದು ಮೀಟರಿನಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಕರಗಿಹೋಗುತ್ತದೆ. 25ರಲ್ಲಿ ಸುಮಾರು 0.7 ವೋಲ್ಟ್, 35ರಲ್ಲಿ 0.5, 50ರಲ್ಲಿ 0.35. ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟ್ ತೋರಿಸಿದರೂ ಸೆಲ್ಫ್ ಹೊಡೆದಾಗ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲಿ ಇನ್ನೊಂದು ವೋಲ್ಟ್ ಹೋದರೆ ಮೋಟಾರು ತಿಣುಕುತ್ತದೆ, ಎಂಜಿನ್ ಕಂಪ್ಯೂಟರಿಗೂ ಸರಿಯಾದ ವಿದ್ಯುತ್ ಸಿಗುವುದಿಲ್ಲ. ಆದ್ದರಿಂದ ಸಣ್ಣ ಪೆಟ್ರೋಲ್ ಎಂಜಿನ್ನಿಗೆ 35, ಡೀಸೆಲ್ಲಿಗೆ 50 ಚದರ ಮಿಲಿಮೀಟರಿಗಿಂತ ಕಡಿಮೆಗೆ ಒಪ್ಪಬಾರದು. ಎಳೆಗಳು ಸಣ್ಣವಿದ್ದು ಸುಲಭವಾಗಿ ಬಾಗುವ, ದಪ್ಪ ರಬ್ಬರ್ ಹೊದಿಕೆಯ ವೆಲ್ಡಿಂಗ್ ಕೇಬಲ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅಗ್ಗದ ಆಡಿಯೊ ಕಿಟ್ಟುಗಳಲ್ಲಿ ಬರುವುದು ಬಹಳ ಸಲ ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಮ್. ಅದೇ ದಪ್ಪದ ತಾಮ್ರದ ಮೂರರಲ್ಲಿ ಎರಡು ಪಾಲಿನಷ್ಟೂ ವಿದ್ಯುತ್ ಒಯ್ಯದ ಆ ತಂತಿ ಈ ಕೆಲಸಕ್ಕೆ ಬೇಡವೇ ಬೇಡ. 50ರ ಕೇಬಲ್ಲಿನ ಐದು ಮೀಟರಿನಲ್ಲಿ ತಾಮ್ರವೇ 2.2 ಕೆಜಿ ತೂಗುತ್ತದೆ ಎಂಬುದೂ ನೆನಪಿರಲಿ: ಬ್ಯಾಟರಿ ಹಿಂದೆ ಹೋದ ಕಾರು ಒಟ್ಟಿನಲ್ಲಿ ಭಾರವೇ ಆಗುತ್ತದೆ.

ಕೇಬಲ್ಲಿನ ತುದಿಗೆ ಕೂರುವ ಲಗ್ಗನ್ನು ಸುತ್ತಿಗೆಯಿಂದ ಜಜ್ಜಿ ಮುಗಿಸುವ ಅಂಗಡಿಗಳಿವೆ. ಅಂಥ ಜೋಡಣೆ ಬರಬರುತ್ತ ಸಡಿಲವಾಗಿ ಬಿಸಿಯಾಗತೊಡಗುತ್ತದೆ. ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿದ ಒಂದು ಮಾದರಿ ಲಗ್ಗನ್ನು ಹ್ಯಾಕ್ಸಾದಿಂದ ಅಡ್ಡ ಕೊಯ್ದು ನೋಡಿದರೆ ಕೆಲಸದ ಗುಣ ಕಣ್ಣಿಗೇ ಕಾಣುತ್ತದೆ: ಎಳೆಗಳ ನಡುವೆ ಸಂದಿಲ್ಲದೆ, ಲಗ್ಗಿನ ಗೋಡೆಗೂ ಎಳೆಗೂ ವ್ಯತ್ಯಾಸ ಸಿಗದಂತೆ ಇಡೀ ಕೊಯ್ತ ಒಂದೇ ತಾಮ್ರದ ಬಿಲ್ಲೆಯಾಗಿ ಹೊಳೆಯಬೇಕು. ಕಪ್ಪು ಚುಕ್ಕೆಗಳು ಕಂಡರೆ ಒಳಗೆ ಗಾಳಿಯಿದೆ, ಅಚ್ಚು ಬದಲಿಸಿ ಮತ್ತೆ ಒತ್ತಬೇಕು.

ಕೇಬಲ್ ಸಾಗುವ ದಾರಿ ಬಾಗಿಲ ಹೊಸ್ತಿಲಿನ ಪಕ್ಕದಲ್ಲಿ, ಕಾರ್ಪೆಟ್ಟಿನಡಿ ಇದ್ದರೆ ಒಳ್ಳೆಯದು. ಸೀಟಿನ ರೈಲು, ಪೆಟ್ರೋಲ್ ಪೈಪು, ಸೈಲೆನ್ಸರ್ ಇವುಗಳಿಂದ ದೂರವಿರಬೇಕು. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಬೇಕೇ ಬೇಕು. ಹೊದಿಕೆ ಸವೆದು ತಾಮ್ರ ಬಾಡಿಗೆ ತಗುಲಿದರೆ ಬ್ಯಾಟರಿ ಸಾವಿರ ಆಂಪಿಯರಿಗೂ ಮಿಕ್ಕಿ ಸುರಿಯಬಲ್ಲದು. ಹೀಗಾಗಿ ಬ್ಯಾಟರಿಯಿಂದ ಗೇಣುದ್ದದೊಳಗೆ ಫ್ಯೂಸ್ ಇರಬೇಕು. ಫ್ಯೂಸ್ ಕಾಯುವುದು ಫ್ಯೂಸಿನಾಚೆಯ ಕೇಬಲ್ಲನ್ನು ಮಾತ್ರ, ಆದ್ದರಿಂದ ಅದನ್ನು ಎಂಜಿನ್ ಬದಿಯಲ್ಲಿ ಹಾಕಿ ಪ್ರಯೋಜನವಿಲ್ಲ. ಸೆಲ್ಫ್ ಹೊಡೆದಾಗ ಫ್ಯೂಸ್ ಹಾರುತ್ತದೆಂಬ ಭಯದಿಂದ ಅದನ್ನೇ ಬಿಟ್ಟುಬಿಡುವವರಿದ್ದಾರೆ. ಆ ಭಯಕ್ಕೆ ಆಧಾರವಿಲ್ಲ. ಬೋಲ್ಟಿನಿಂದ ಬಿಗಿಯುವ ಮೆಗಾ ಮಾದರಿಯ ಫ್ಯೂಸು ಅರೆಗಳಿಗೆಯ ಹೊರೆಯನ್ನು ತಾಳಿಕೊಳ್ಳುತ್ತದೆ. ಸಣ್ಣ ಪೆಟ್ರೋಲ್ ಕಾರಿಗೆ 200ರಿಂದ 250 ಆಂಪಿಯರಿನದು ಸಾಕು. ಬಿಎಂಡಬ್ಲ್ಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪಘಾತದಲ್ಲಿ ಏರ್‌ಬ್ಯಾಗ್ ವ್ಯವಸ್ಥೆಯ ಸಂಕೇತ ಬಂದೊಡನೆ ಪುಟ್ಟ ಸಿಡಿಮದ್ದಿನಿಂದ ಈ ದಪ್ಪ ಕೇಬಲ್ಲನ್ನಷ್ಟೇ ಕಳಚುವ ಟರ್ಮಿನಲ್ ಕೊಟ್ಟಿತು. ಅಪಾಯದ ದೀಪ, ಬಾಗಿಲ ಬೀಗಗಳಿಗೆ ಆಗಲೂ ವಿದ್ಯುತ್ ಇರುತ್ತದೆ.

ಅರ್ಥಿಗೆ ಡಿಕ್ಕಿಯ ಬಾಡಿಯೇ ಸಾಕು, ಆದರೆ ಅಷ್ಟೇ ದಪ್ಪದ ಕೇಬಲ್ಲಿನಲ್ಲಿ, ಬಣ್ಣವನ್ನು ಬರಿ ಲೋಹ ಕಾಣುವಷ್ಟು ಕೆರೆದು ಬಿಗಿಯಬೇಕು. ಸೀಟ್‌ಬೆಲ್ಟಿನ ಬೋಲ್ಟನ್ನು ಇದಕ್ಕೆ ಬಳಸಬಾರದು. ಬಹಳ ಮಂದಿ ಮರೆಯುವುದು ಇನ್ನೊಂದು ತುದಿಯನ್ನು: ಬಾಡಿಯಿಂದ ಎಂಜಿನ್ನಿಗೆ ಹೋಗುವ ತೆಳ್ಳನೆಯ ಪಟ್ಟಿ ಈಗ ಸೆಲ್ಫಿನ ಪೂರ್ತಿ ಹೊರೆ ಹೊರಬೇಕು, ಅದನ್ನೂ ದಪ್ಪದ್ದಕ್ಕೆ ಬದಲಿಸಬೇಕು. ಹಲವು ಹೊಸ ಕಾರುಗಳ ನೆಗೆಟಿವ್ ಟರ್ಮಿನಲ್ಲಿನ ಮೇಲಿರುವ ಬ್ಯಾಟರಿ ಸೆನ್ಸರನ್ನು ಬ್ಯಾಟರಿಯ ಜೊತೆಗೇ ಒಯ್ಯಬೇಕು.

ಬ್ಯಾಟರಿಯನ್ನು ಕಟ್ಟುವುದಕ್ಕೆ ಹಗ್ಗ, ರಬ್ಬರ್ ಬೆಲ್ಟು ನಡೆಯುವುದಿಲ್ಲ. ಅಪಘಾತದ ಹೊಡೆತದಲ್ಲಿ 20 ಜಿ, ಅಂದರೆ ಗುರುತ್ವದ ಇಪ್ಪತ್ತು ಪಟ್ಟು, ಹೊಮ್ಮಿದರೆ 15 ಕೆಜಿಯ ಬ್ಯಾಟರಿ 300 ಕೆಜಿಯ ಬಲದಿಂದ ಹಿಂಸೀಟಿನತ್ತ ನುಗ್ಗುತ್ತದೆ. ಸ್ಪರ್ಧೆಯ ಕಾರಿನಲ್ಲಿ ಬ್ಯಾಟರಿಯ ಜಾಗ ಬದಲಾದರೆ ಲೋಹದ ಪೀಠ, ಎರಡು ಲೋಹದ ಪಟ್ಟಿ, ಕನಿಷ್ಠ 10 ಮಿಲಿಮೀಟರಿನ ಬೋಲ್ಟು ಇರಲೇಬೇಕೆಂಬುದು ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಐಎ ನಿಯಮ. ರಸ್ತೆಯ ಕಾರಿಗೂ ಅದೇ ಒಳ್ಳೆಯ ಅಳತೆ. ಬೋಲ್ಟಿನಡಿ, ತಗಡಿನ ಕೆಳಬದಿಗೆ, ಅಗಲವಾದ ಪ್ಲೇಟನ್ನೂ ಕೊಡಬೇಕು.

ಚಾರ್ಜಾಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ಶೇ. 4 ತಲುಪಿದರೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ನೀರು ತುಂಬುವ ಮಾದರಿಯಾದರೆ ಮುಚ್ಚಿದ ಪೆಟ್ಟಿಗೆ, ಅದರಿಂದ ಕಾರಿನ ಹೊರಗೆ ಹೋಗುವ ನಳಿಕೆ ಎರಡೂ ಬೇಕು. ಗಾಜಿನೆಳೆಯ ಚಾಪೆಯಲ್ಲಿ ಆಮ್ಲವನ್ನು ಹಿಡಿದಿಡುವ ಎಜಿಎಂ ಬ್ಯಾಟರಿ ಅನಿಲವನ್ನು ಒಳಗೇ ಮತ್ತೆ ನೀರಾಗಿಸಿಕೊಳ್ಳುತ್ತದೆ. ಹಾಗಿದ್ದೂ ಅತಿಯಾಗಿ ಚಾರ್ಜಾದರೆ ಅದರ ಕವಾಟವೂ ತೆರೆಯುತ್ತದೆ, ನಳಿಕೆ ಅದಕ್ಕೂ ಬೇಕು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಿ ಈ ಯೋಚನೆಯನ್ನೇ ಬಿಡಬೇಕು.

ಸ್ಪರ್ಧೆಗೆ ಹೋಗುವ ಕಾರಿಗೆ ಹೊರಗಿನಿಂದ ಕೈಗೆಟಕುವ ಕಟ್-ಆಫ್ ಸ್ವಿಚ್ ಕಡ್ಡಾಯ, ಅದನ್ನು ಆರಿಸಿದರೆ ಎಂಜಿನ್ನೂ ನಿಲ್ಲಬೇಕು. ತೊಡಕು ಆಲ್ಟರ್ನೇಟರಿನದು. ಬ್ಯಾಟರಿ ಕಡಿದರೂ ಓಡುವ ಎಂಜಿನ್ನಿಗೆ ಅದು ವಿದ್ಯುತ್ ಕೊಡುತ್ತಲೇ ಇರುತ್ತದೆ. ಅದರ ತಂತಿಯನ್ನು ಬೇರೆಯಾಗಿ ತಂದು, ಬೇರೆ ಫ್ಯೂಸಿನೊಡನೆ, ಸ್ವಿಚ್ಚಿನ ಬ್ಯಾಟರಿ ಬದಿಗೆ ಜೋಡಿಸಿದರೆ ಸ್ವಿಚ್ ತನ್ನ ಕೆಲಸ ಮಾಡುತ್ತದೆ. ದಿನಬಳಕೆಯ ಕಾರಿಗೆ ಇದಕ್ಕಿಂತ ಮುಖ್ಯವಾದದ್ದು, ಬಾನೆಟ್ಟಿನಡಿ ಮುಚ್ಚಳವಿರುವ ಒಂದು ಕೆಂಪು ಟರ್ಮಿನಲ್. ಬ್ಯಾಟರಿ ಸತ್ತ ದಿನ ವಿದ್ಯುತ್ ಬೀಗದ ಡಿಕ್ಕಿ ತೆರೆಯುವುದಿಲ್ಲ, ಜಂಪ್ ಕೊಡುವುದಕ್ಕೆ ಈ ಟರ್ಮಿನಲ್ಲೇ ದಾರಿ.

ಕೆಲಸ ಮುಗಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವಿಗೆ, ಇನ್ನೊಂದನ್ನು ಉದ್ದ ತಂತಿಯ ಮೂಲಕ ಸೆಲ್ಫ್ ಮೋಟಾರಿನ ಬೋಲ್ಟಿಗೆ ಹಿಡಿದು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿನೊಳಗೆ ಬಂದರೆ ಸರಿ. ನೆಗೆಟಿವಿನಿಂದ ಎಂಜಿನ್ ಬ್ಲಾಕಿಗೆ ಹಿಡಿದಾಗ 0.3ನ್ನು ಮೀರಬಾರದು, ಮೀರಿದರೆ ಅರ್ಥಿನ ಜಾಗವನ್ನು ಇನ್ನೊಮ್ಮೆ ಕೆರೆದು ಬಿಗಿದು, ಮತ್ತೆ ಅಳೆಯಬೇಕು.