ಗ್ಲೂಕ್ ದಂಪತಿ ಅಳೆದ ಮನೆ

ಹುಡುಗ ದಾರಿ ತಪ್ಪಿದರೆ ಊರಿನ ಬೆರಳು ಮೊದಲು ತಿರುಗುವುದು ಹೆತ್ತವರತ್ತ. ಆ ಬೆರಳಿಗೆ ಅಂಕಿಅಂಶಗಳ ಬಲ ತಂದುಕೊಟ್ಟ ಪುಸ್ತಕ, ಹಾರ್ವರ್ಡ್‌ನ ಶೆಲ್ಡನ್ ಮತ್ತು ಎಲಿನಾರ್ ಗ್ಲೂಕ್ ದಂಪತಿಯ ‘ಅನ್‌ರ್‍ಯಾವೆಲಿಂಗ್ ಜುವೆನೈಲ್ ಡೆಲಿಂಕ್ವೆನ್ಸಿ’ (1950). ಅದರ ಸಾಧನೆ ದೊಡ್ಡದು. ಅತಿಯಾಸೆಯೂ ಅಷ್ಟೇ ದೊಡ್ಡದು.

ಮ್ಯಾಸಚೂಸೆಟ್ಸ್‌ನ ಸುಧಾರಣಾ ಶಾಲೆಗಳಲ್ಲಿದ್ದ 500 ಹುಡುಗರು, ಬಾಸ್ಟನ್ನಿನ ಸರ್ಕಾರಿ ಶಾಲೆಗಳಲ್ಲಿ ಓದುತ್ತಿದ್ದ 500 ಹುಡುಗರು. ವಯಸ್ಸು, ಬುದ್ಧಿಮಟ್ಟ, ಜನಾಂಗೀಯ ಮೂಲ, ಬಡ ಬಡಾವಣೆ ಎಲ್ಲವನ್ನೂ ನೋಡಿ ಒಬ್ಬನಿಗೊಬ್ಬನನ್ನು ಜೋಡಿ ಮಾಡಿದರು. ಒಂದೇ ಬಗೆಯ ಬಡತನದಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬ ಕದಿಯುತ್ತಾನೆ, ಇನ್ನೊಬ್ಬ ಕದಿಯುವುದಿಲ್ಲ, ಏಕೆ ಎಂದು ಕೇಳುವುದಕ್ಕೆ ಈ ಜೋಡಣೆಯಿಂದ ದಾರಿಯಾಯಿತು.

ಉತ್ತರ ಬಹುಪಾಲು ಮನೆಯೊಳಗೇ ಸಿಕ್ಕಿತು. ತಪ್ಪಿತಸ್ಥ ಹುಡುಗರ ತಂದೆಯರಲ್ಲಿ ಅತಿ ಕಟ್ಟುನಿಟ್ಟಿನವರು, ಇಂದು ಹೊಡೆದು ನಾಳೆ ಸುಮ್ಮನಿರುವವರು ಹೆಚ್ಚು. ತಾಯಿಯ ಕಣ್ಗಾವಲು ಸಡಿಲ, ಅಕ್ಕರೆ ಕಡಿಮೆ. ಇನ್ನೊಂದು ಗುಂಪಿನ ಮನೆಗಳಲ್ಲಿ ಪ್ರೀತಿಯೊಡನೆ ಬೆರೆತ ಬಿಗಿ ಹೆಚ್ಚಾಗಿ ಕಂಡಿತು. ಹುಡುಗರ ಸ್ವಭಾವದಲ್ಲೂ ಅಂತರವಿತ್ತು: ಸುಧಾರಣಾ ಶಾಲೆಯವರು ಹೆಚ್ಚು ಚಟುವಟಿಕೆಯವರು, ದುಡುಕಿನವರು, ಹಿರಿಯರಿಗೆ ಎದುರು ನಿಲ್ಲುವವರು.

ಆದರೆ ಈ ಹುಡುಗರನ್ನು ಪರೀಕ್ಷಿಸಿದ್ದು ಅವರು ಸಿಕ್ಕಿಬಿದ್ದ ಮೇಲೆ. ಬೀಗ ಹಾಕಿದ ಶಾಲೆಯಲ್ಲಿರುವವನ ಸಿಟ್ಟು ಹುಟ್ಟುಗುಣವೋ, ಆ ಬೀಗದ ಫಲವೋ? ಅಪ್ಪ ಹೊಡೆದದ್ದಕ್ಕೆ ಮಗ ಕೆಟ್ಟನೋ, ಮಗ ಕೆಟ್ಟದ್ದಕ್ಕೆ ಅಪ್ಪ ಹೊಡೆದನೋ? ಪುಸ್ತಕ ಈ ಪ್ರಶ್ನೆಗಳ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಧ್ಯಯನದಲ್ಲಿ ಹುಡುಗಿಯರಿಲ್ಲ, ಕಪ್ಪು ಜನಾಂಗದ ಮಕ್ಕಳೂ ಇಲ್ಲ.

ದೊಡ್ಡ ಎಡವಟ್ಟು ಭವಿಷ್ಯ ನುಡಿಯಲು ಹೊರಟದ್ದು. ತಂದೆಯ ಶಿಸ್ತು, ತಾಯಿಯ ಮೇಲ್ವಿಚಾರಣೆ, ಇಬ್ಬರ ಅಕ್ಕರೆ, ಕುಟುಂಬದ ಒಗ್ಗಟ್ಟು ಎಂಬ ಐದು ಅಂಶಗಳಿಗೆ ಅಂಕ ಕೊಟ್ಟು, ಶಾಲೆಗೆ ಸೇರುವ ಮಗು ಮುಂದೆ ಅಪರಾಧಿಯಾದೀತೇ ಎಂದು ಹೇಳಬಹುದೆಂದರು. ಅವರ ಮಾದರಿಯಲ್ಲಿ ಅರ್ಧದಷ್ಟು ಹುಡುಗರು ತಪ್ಪಿತಸ್ಥರೇ. ಹೊರಗಿನ ಸಮಾಜ ಹಾಗಿಲ್ಲ. ನೂರು ಮಕ್ಕಳಲ್ಲಿ ಹತ್ತು ಮಂದಿ ದಾರಿ ತಪ್ಪುವವರು, ಈ ಅಂಕಗಳ ಕೋಷ್ಟಕ ಹತ್ತಕ್ಕೆ ಒಂಬತ್ತು ಸಲ ಸರಿ ಎಂದುಕೊಳ್ಳೋಣ. ಆಗ ಅದು ಒಂಬತ್ತು ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ, ಜೊತೆಗೆ ಏನೂ ಮಾಡದ ಒಂಬತ್ತು ಮಕ್ಕಳಿಗೂ ಅದೇ ಹಣೆಪಟ್ಟಿ ಕಟ್ಟುತ್ತದೆ. ಸಮಾಜಶಾಸ್ತ್ರಜ್ಞ ಆಲ್ಬರ್ಟ್ ರೈಸ್ ಈ ದೋಷವನ್ನು ಆಗಲೇ ಎತ್ತಿ ತೋರಿಸಿದ್ದರು.

1980ರ ದಶಕದಲ್ಲಿ ಸಂಶೋಧಕರಾದ ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಹಾರ್ವರ್ಡ್ ಕಾನೂನು ಗ್ರಂಥಾಲಯದ ನೆಲಮಾಳಿಗೆಯಲ್ಲಿದ್ದ ಈ ಕಡತಗಳನ್ನು ಮತ್ತೆ ಬಿಚ್ಚಿದರು. ಮಗುವಿನ ಹಠ, ತಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಮನೆಯ ಪ್ರಭಾವ ಉಳಿಯಿತು. ಜೊತೆಗೆ, ಬಡತನ ಹುಡುಗನನ್ನು ಮುಟ್ಟುವುದು ಬಹುಮಟ್ಟಿಗೆ ಮನೆಯ ಮೂಲಕ ಎಂಬುದು ಸ್ಪಷ್ಟವಾಯಿತು: ಹೊಟ್ಟೆಪಾಡಿನ ಒತ್ತಡದಲ್ಲಿ ಅಕ್ಕರೆಯೂ ಕಣ್ಗಾವಲೂ ಸೊರಗುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಗೂ ಇಲ್ಲಿ ಪೆಟ್ಟು ಬಿತ್ತು. ಆ ತಪ್ಪಿತಸ್ಥ ಹುಡುಗರಲ್ಲಿ, ದೊಡ್ಡವರಾದ ಮೇಲೆ ಸ್ಥಿರ ಕೆಲಸ, ಒಳ್ಳೆಯ ದಾಂಪತ್ಯ ಸಿಕ್ಕ ಎಷ್ಟೋ ಮಂದಿ ನಡುವಯಸ್ಸಿಗೆ ಮೊದಲೇ ಅಪರಾಧ ಬಿಟ್ಟಿದ್ದರು.

ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಗ್ಲೂಕ್ ದಂಪತಿಯ ಪಟ್ಟಿ ಇಂದಿಗೂ ಉಪಯುಕ್ತ. ನಮ್ಮ ಬಾಲನ್ಯಾಯ ಮಂಡಳಿಗೆ ಹೋಗುವ ಸಾಮಾಜಿಕ ತನಿಖಾ ವರದಿಯೂ ಕುಟುಂಬದ ಬಗ್ಗೆ ಕೇಳುತ್ತದೆ. ಅಲ್ಲಿ ಬರುವ ಉತ್ತರ ಆ ಕುಟುಂಬಕ್ಕೆ ಏನು ನೆರವು ಬೇಕೆಂದು ಹೇಳಬೇಕು. ಹುಡುಗ ಮುಂದೆ ಏನಾಗುತ್ತಾನೆಂದು ಹೇಳುವ ಅಧಿಕಾರ ಅದಕ್ಕಿಲ್ಲ.