ಮೆಶ್‌ಗೆ ಮೂರನೆಯ ಲ್ಯಾಪ್‌ಟಾಪ್ ಬೇಕು

ಎರಡು ಲ್ಯಾಪ್‌ಟಾಪ್‌ಗಳನ್ನು ವೈಫೈಯಲ್ಲಿ ನೇರವಾಗಿ ಜೋಡಿಸಿ ಅದನ್ನೇ ಮೆಶ್ ಎನ್ನುವವರಿದ್ದಾರೆ. ಅದು ಮೆಶ್ ಅಲ್ಲ. ಒಂದರ ರೇಡಿಯೊ ಇನ್ನೊಂದಕ್ಕೆ ಕೇಳಿಸದಷ್ಟು ದೂರವಿರುವ ಎರಡು ಯಂತ್ರಗಳ ನಡುವೆ ಮೂರನೆಯದು ಕೂತು, ಯಾರೂ ದಾರಿ ತೋರಿಸದಿದ್ದರೂ ಅವುಗಳ ಮಾತನ್ನು ದಾಟಿಸತೊಡಗಿದಾಗ ಮೆಶ್ ಶುರುವಾಗುತ್ತದೆ. ಆದ್ದರಿಂದ ಮೊದಲು ಮೂರು ಲ್ಯಾಪ್‌ಟಾಪ್ ಹೊಂದಿಸಿಕೊಳ್ಳಿ. ಒಂದು ನೆಲಮಹಡಿಯ ಒಳಕೋಣೆಯಲ್ಲಿರಲಿ, ಒಂದು ಮೆಟ್ಟಿಲ ತಿರುವಿನಲ್ಲಿ, ಇನ್ನೊಂದು ತಾರಸಿಯಲ್ಲಿ. ರೌಟರ್ ಬೇಡ, ಇಂಟರ್‌ನೆಟ್ ಕೂಡ ಬೇಡ.

ಈ ಕೆಲಸಕ್ಕೆ ಹೊಸ ಯಂತ್ರಕ್ಕಿಂತ ಹಳೆಯದೇ ಮೇಲು. ಲಿನಕ್ಸ್‌ನಲ್ಲಿ ‘ಐಡಬ್ಲ್ಯೂ ಲಿಸ್ಟ್’ ಆದೇಶ ಕೊಟ್ಟರೆ ವೈಫೈ ಕಾರ್ಡ್ ಏನೇನು ಬಲ್ಲದು ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ‘ಐಬಿಎಸ್ಎಸ್’ (ಅಂದರೆ ಅಡ್‌ಹಾಕ್) ಅಥವಾ ‘ಮೆಶ್ ಪಾಯಿಂಟ್’ ಇರಬೇಕು. ಅಥೆರೋಸ್ ಚಿಪ್‌ನ, ಎಟಿಎಚ್9ಕೆ ಡ್ರೈವರ್‌ನಲ್ಲಿ ನಡೆಯುವ ಹಳೆಯ ಕಾರ್ಡುಗಳಲ್ಲಿ ಎರಡೂ ಸಿಗುತ್ತವೆ. ನನ್ನ ಮಟ್ಟಿಗೆ ಅವಕ್ಕೆ ಸಾಟಿಯಿಲ್ಲ.

ಜೋಡಿಸುವಾಗ ನೆಟ್‌ವರ್ಕ್ ಮ್ಯಾನೇಜರ್ ನಡುವೆ ಕೈ ಹಾಕದಂತೆ ಮೊದಲು ನಿಲ್ಲಿಸಿ. ಮೂರರಲ್ಲೂ ಕಾರ್ಡನ್ನು ಅಡ್‌ಹಾಕ್ ಸ್ಥಿತಿಗೆ ತಂದು ಒಂದೇ ಹೆಸರು, ಒಂದೇ ಚಾನೆಲ್ ಕೊಡಿ. ಮೊದಲನೇ ಚಾನೆಲ್ ಎಂದರೆ 2412 ಮೆಗಾಹರ್ಟ್ಸ್. ಬಿಎಸ್ಎಸ್ಐಡಿ ಎಂಬ ಗುರುತುಸಂಖ್ಯೆಯನ್ನೂ ಮೂರಕ್ಕೂ ಒಂದೇ ಇರುವಂತೆ ನೀವೇ ನಿಗದಿ ಮಾಡಿ. ಬಿಟ್ಟರೆ ಒಂದೇ ಹೆಸರಿನ ಎರಡು ಗುಂಪುಗಳಾಗಿ ಒಡೆದು, ಪಕ್ಕಪಕ್ಕದಲ್ಲಿದ್ದರೂ ಪರಸ್ಪರ ಗುರುತಿಸವು. ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು 1532 ಬೈಟಿಗೆ ಏರಿಸಿ, ದಾರಿ ಹುಡುಕುವ ಬ್ಯಾಟ್‌ಮನ್ ಎಂಬ ಲಿನಕ್ಸ್ ಮಾಡ್ಯೂಲನ್ನು ಅದರ ಮೇಲೆ ಕೂರಿಸಿದರೆ ‘ಬ್ಯಾಟ್0’ ಎಂಬ ಹೊಸ ಕೊಂಡಿ ಹುಟ್ಟುತ್ತದೆ. ಮುಂದಿನ ವ್ಯವಹಾರವೆಲ್ಲ ಅದರ ಮೂಲಕವೇ.

802.11ಎಸ್ ಎಂಬ ಅಧಿಕೃತ ಮೆಶ್ ಮಾನಕವೂ ಇದೆ, 2011ರಲ್ಲಿ ಅಂಗೀಕಾರವಾದದ್ದು. ಗೂಢಲಿಪೀಕರಣ ಬೇಕಾದವರಿಗೆ ಅದೇ ಸುಲಭ. ಆದರೂ ಕಲಿಯಲು ನಾನು ಬ್ಯಾಟ್‌ಮನ್‌ನನ್ನೇ ಹಿಡಿಯುತ್ತೇನೆ. ಅದು ಬೆಳೆದದ್ದು ಬರ್ಲಿನ್‌ನ ಫ್ರೈಫುಂಕ್ ಬಳಗದಲ್ಲಿ. ಮನೆಮನೆಯ ಮೇಲೆ ಆಂಟೆನಾ ಇಟ್ಟು ಊರಿಗೇ ಉಚಿತ ಜಾಲ ಹೆಣೆಯುತ್ತಿದ್ದ ಅವರು ಮೊದಲು ಓಎಲ್ಎಸ್ಆರ್ ಎಂಬ ವಿಧಾನ ಬಳಸುತ್ತಿದ್ದರು. ಅದರಲ್ಲಿ ಪ್ರತಿ ಯಂತ್ರವೂ ಇಡೀ ಜಾಲದ ನಕ್ಷೆಯನ್ನು ಲೆಕ್ಕಹಾಕಬೇಕು. ಜಾಲ ನೂರಾರು ಕೊಂಡಿಗಳಿಗೆ ಬೆಳೆದಾಗ ಅಗ್ಗದ ರೌಟರ್‌ಗಳು ಈ ಲೆಕ್ಕದಲ್ಲೇ ಸುಸ್ತಾದವು. ಬ್ಯಾಟ್‌ಮನ್ ನಕ್ಷೆಯನ್ನೇ ಬಿಟ್ಟಿತು. ದಾರಿ ಕೇಳಿದರೆ ಮುಂದಿನ ಸರ್ಕಲ್‌ವರೆಗಷ್ಟೇ ಹೇಳುವ ಅಂಗಡಿಯವರಂತೆ, ಇಂಥ ಊರಿಗೆ ಹೋಗಲು ಯಾವ ನೆರೆಯವನ ಕೈಗೆ ಕೊಡಬೇಕು ಎಂಬುದನ್ನು ಮಾತ್ರ ಅದು ತಿಳಿದಿರುತ್ತದೆ. 2011ರಲ್ಲಿ ಲಿನಕ್ಸ್ ಕರ್ನಲ್‌ನ 2.6.38 ಆವೃತ್ತಿಯೊಳಗೇ ಅದು ಸೇರಿಕೊಂಡಿತು.

ಆ ನೆರೆಯವನನ್ನು ಆರಿಸುವ ಬಗೆಯಲ್ಲೇ ಇದರ ಸೊಗಸಿರುವುದು. ಪ್ರತಿ ಯಂತ್ರವೂ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಕೂಗುತ್ತದೆ, ಕೇಳಿದವರು ಅದನ್ನೇ ಮರಳಿ ಕೂಗುತ್ತಾರೆ. ನೆರೆಯವನ ಎಷ್ಟು ಕೂಗು ನನಗೆ ಕೇಳಿತು ಎನ್ನುವುದು ಒಂದು ಅಳತೆ. ಆದರೆ ನನ್ನ ದನಿ ಅವನಿಗೆ ಎಷ್ಟು ಕೇಳುತ್ತಿದೆ ಎಂದು ತಿಳಿಯುವುದು ಹೇಗೆ? ರೇಡಿಯೊದಲ್ಲಿ ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಗುಣದವಲ್ಲ. ನನ್ನ ಕೂಗಿನ ಎಷ್ಟು ಪ್ರತಿಧ್ವನಿ ಅವನಿಂದ ಹಿಂದಿರುಗಿತು ಎಂದು ಬ್ಯಾಟ್‌ಮನ್ ಎಣಿಸುತ್ತದೆ. ಪ್ರತಿಧ್ವನಿಯಲ್ಲಿ ಎರಡೂ ದಾರಿಗಳ ಗುಣ ಬೆರೆತಿರುತ್ತದೆ. ಅದನ್ನು ಮೊದಲ ಅಳತೆಯಿಂದ ಭಾಗಿಸಿದರೆ ಹೋಗುವ ದಾರಿಯೊಂದೇ ಉಳಿಯುತ್ತದೆ. ಯಾರನ್ನೂ ಕೇಳದೆ ಬರೀ ಭಾಗಾಕಾರದಿಂದ ಇದನ್ನು ಸಾಧಿಸಿದವರ ಬುದ್ಧಿಗೆ ನಾನು ಮಾರುಹೋಗಿದ್ದೇನೆ.

ಈ ಫಲವನ್ನು ಟಿಕ್ಯೂ ಎನ್ನುತ್ತಾರೆ, 255 ಅದರ ಗರಿಷ್ಠ. ‘ಬ್ಯಾಟ್‌ಸಿಟಿಎಲ್ ಓ’ ಎಂದು ಒತ್ತಿ ನೋಡುತ್ತಾ ಕೂರಿ. ಲ್ಯಾಪ್‌ಟಾಪಿನ ಆಂಟೆನಾ ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿರುವುದರಿಂದ ಮುಚ್ಚಳವನ್ನು ತುಸು ವಾಲಿಸಿದರೂ ಅಂಕಿ ಬದಲಾಗುವುದುಂಟು. ಮೆಟ್ಟಿಲ ಮೇಲಿನ ಯಂತ್ರವನ್ನು ಸ್ವಿಚ್ ಆಫ್ ಮಾಡಿ. ತಾರಸಿಯದು ಮರೆಯಾಗುತ್ತದೆ. ಮತ್ತೆ ಹಚ್ಚಿ, ಜಾಲ ತಾನಾಗಿ ಕೂಡಿಕೊಳ್ಳುತ್ತದೆ.

ವೇಗದ ಆಸೆ ಬೇಡ. ಒಂದೇ ರೇಡಿಯೊ ಒಂದೇ ಚಾನೆಲ್‌ನಲ್ಲಿ ಮೊದಲು ಕೇಳಿ, ಆಮೇಲೆ ಹೇಳಬೇಕಾದ್ದರಿಂದ ಪ್ರತಿ ದಾಟುವಿಕೆಗೂ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಹರಟೆ, ಧ್ವನಿ, ಕಡತ, ಕಿವಿಕ್ಸ್‌ನಲ್ಲಿ ಇಳಿಸಿಟ್ಟ ವಿಕಿಪೀಡಿಯ, ಇಷ್ಟಕ್ಕೆ ಧಾರಾಳ ಸಾಕು. ಅಡ್‌ಹಾಕ್ ಜಾಲ ತೆರೆದ ಬಯಲು; ಗುಟ್ಟಿನ ಕಡತ ಕಳಿಸುವುದಾದರೆ ಎಸ್ಎಸ್ಎಚ್ ಮೂಲಕವೇ ಕಳಿಸಿ.

ಲ್ಯಾಪ್‌ಟಾಪ್ ಮೆಶ್ ಹೊಸ ಕನಸೇನಲ್ಲ. ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯ ಎಕ್ಸ್‌ಓ ಯಂತ್ರ 2007ರಲ್ಲೇ ಮೆಶ್ ಹೊತ್ತು ಬಂದಿತ್ತು. ಅದರ ವೈಫೈ ಚಿಪ್ ಮುಖ್ಯ ಪ್ರೊಸೆಸರ್ ಮಲಗಿದ್ದಾಗಲೂ ನೆರೆಯವರ ಪ್ಯಾಕೆಟ್ ದಾಟಿಸುವಂತೆ ರೂಪಿಸಿದ್ದು. ಅಂಥ ಉದಾರ ವಿನ್ಯಾಸವನ್ನು ಕೈಬಿಟ್ಟು ಉದ್ಯಮ ನಮಗೆಲ್ಲ ನಷ್ಟ ಮಾಡಿದೆ ಎಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ತುಮಕೂರಿನ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ‘ಜನಸ್ತು’ ಸಂಸ್ಥೆ ಸಮುದಾಯದ್ದೇ ಆದ ವೈಫೈ ಮೆಶ್‌ಗೆ ದುಡಿಯುತ್ತಿದೆ. ಇಂಥದ್ದು ನಮ್ಮ ಶಾಲೆ, ಗ್ರಂಥಾಲಯಗಳಿಗೂ ಬರಬೇಕು.

ಅಟ್ಟದ ಮೇಲಿರುವ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ. ಲಿನಕ್ಸ್ ಹಾಕಿ, ‘ಐಡಬ್ಲ್ಯೂ ಲಿಸ್ಟ್’ ಕೊಟ್ಟು ನೋಡಿ. ಐಬಿಎಸ್ಎಸ್ ಕಂಡರೆ ಇನ್ನೆರಡು ಯಂತ್ರವಿರುವ ಗೆಳೆಯರನ್ನು ಈ ಭಾನುವಾರವೇ ಮನೆಗೆ ಕರೆಯಿರಿ.